2,000 ಮಾಲೀಕರ ದಿನಸಿ ಅಂಗಡಿ: ಬಾಗಿಲು ತೆಗೆಯೋಕೆ ಯಾಕೆ ಇಷ್ಟು ವರ್ಷ ಬೇಕಾಯ್ತು?

(ಪಾಡ್‌ಕಾಸ್ಟ್ ಎಪಿಸೋಡ್‌ನ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ದುಡ್ಡು ಹೇಗೆ ಓಡಾಡುತ್ತೆ ಅನ್ನೋದನ್ನ ಒಂದೊಂದು ಉದಾಹರಣೆ ಹಿಡ್ಕೊಂಡು ಮಾತಾಡ್ತೀವಲ್ಲ, ಈ ಸಲದ ಉದಾಹರಣೆ ಒಂದು ದಿನಸಿ ಅಂಗಡಿ.

ಅಂಗಡಿ ಇರೋದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ. ವುಡ್‌ವರ್ಡ್ ಅವೆನ್ಯೂ ಅನ್ನೋ ದೊಡ್ಡ ರಸ್ತೆ, ನಾರ್ತ್ ಎಂಡ್ ಅನ್ನೋ ಏರಿಯಾ. ಹೆಸರು ಡೆಟ್ರಾಯಿಟ್ ಪೀಪಲ್ಸ್ ಫುಡ್ ಕೋ-ಆಪ್. 2024ರ ಮೇ ತಿಂಗಳಲ್ಲಿ ಬಾಗಿಲು ತೆಗೀತು. ಮಾರೋದು ಎಲ್ಲಾ ಕಡೆ ಸಿಗೋ ಸಾಮಾನೇ: ತರಕಾರಿ, ಹಣ್ಣು, ಬ್ರೆಡ್, ಹಾಲು, ಮೊಟ್ಟೆ, ಮಾಂಸ. ಯಾರು ಬೇಕಾದ್ರೂ ಒಳಗೆ ಹೋಗಿ ಕೊಳ್ಳಬಹುದು.

ಹಾಗಾದ್ರೆ ಇದರಲ್ಲಿ ಎಪಿಸೋಡ್ ಮಾಡುವಂಥದ್ದು ಏನಿದೆ ಅಂತೀರಾ? ಎರಡು ವಿಷಯ ಇದೆ. ಒಂದು, ಬಾಗಿಲು ತೆಗೆಯೋ ಹೊತ್ತಿಗೆ ಈ ಅಂಗಡಿಗೆ 2,000ಕ್ಕೂ ಹೆಚ್ಚು ಮಾಲೀಕರಿದ್ದರು. ಎರಡು, ಇಂಥದ್ದೊಂದು ಅಂಗಡಿ ಬೇಕು ಅಂತ ಕೆಲಸ ಶುರುವಾಗಿ ಬಾಗಿಲು ತೆಗೆಯೋಕೆ ಹತ್ತಕ್ಕೂ ಹೆಚ್ಚು ವರ್ಷ ಹಿಡೀತು. ನಮ್ಮ ಕಡೆ ಮೊಬೈಲ್ ಅಂಗಡಿ ಖಾಲಿಯಾದ ಜಾಗದಲ್ಲಿ ಎರಡೇ ತಿಂಗಳಿಗೆ ದರ್ಶಿನಿ ಓಪನ್ ಆಗಿ, ಮೂರನೇ ತಿಂಗಳಿಗೆ ಇಡ್ಲಿಗೆ ಕ್ಯೂ ನಿಂತಿರುತ್ತೆ. ಇವರಿಗೆ ಯಾಕೆ ಅಷ್ಟು ವರ್ಷ?

ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಇನ್ನೊಂದು ಅಂಗಡಿಯ ಕಥೆ ಸಿಕ್ತು. ಅದೂ ಇದೇ ಥರ ಊರವರೆಲ್ಲ ಸೇರಿ ಕಟ್ಟಿದ್ದು. ಎರಡೇ ವರ್ಷ ಚಿಲ್ಲರೆಗೆ ಮುಚ್ಚಿಹೋಯ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಆಮೇಲೆ ನಮ್ಮ ಕರ್ನಾಟಕಕ್ಕೆ ಬರೋಣ. ಯಾಕಂದ್ರೆ ಈ ವಿಷಯದಲ್ಲಿ ನಾವು ಅಮೆರಿಕದವರ ಮುಂದೆ ಕೈಕಟ್ಟಿ ನಿಂತು ಕಲಿಯಬೇಕಾದವರೇನೂ ಅಲ್ಲ.

ಅಂಗಡಿ ಇಲ್ಲದ ಊರು

ಡೆಟ್ರಾಯಿಟ್ ಅಂದ್ರೆ ಕಾರುಗಳ ಊರು. 1950ರಲ್ಲಿ ಅಲ್ಲಿ ಸುಮಾರು 18.5 ಲಕ್ಷ ಜನ ಇದ್ದರು. 2020ರ ಜನಗಣತಿಯಲ್ಲಿ ಉಳಿದಿದ್ದು ಸುಮಾರು 6.4 ಲಕ್ಷ. ಮೂರರಲ್ಲಿ ಎರಡು ಪಾಲು ಜನ ಇಲ್ಲ. ಫ್ಯಾಕ್ಟರಿಗಳು ಹೋದವು, ಬಿಳಿಯರು ಮತ್ತು ಕೈಯಲ್ಲಿ ನಾಲ್ಕು ಕಾಸಿದ್ದವರು ಹೊರವಲಯದ ಊರುಗಳಿಗೆ ಹೋದರು, 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕ್ತು. ಉಳಿದವರಲ್ಲಿ ಸುಮಾರು ಮುಕ್ಕಾಲು ಭಾಗ ಕಪ್ಪು ವರ್ಣೀಯರು.

ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಗಳು ದುಡ್ಡು ಎಲ್ಲಿ ಹೋಗುತ್ತೋ ಅದರ ಹಿಂದೆ ಹೋಗ್ತವೆ. ಫಾರ್ಮರ್ ಜ್ಯಾಕ್ ಅನ್ನೋ ಕಂಪನಿಯ ಅಂಗಡಿಗಳು 2007ರಲ್ಲಿ ಮುಚ್ಚಿದ ಮೇಲೆ, ಇಡೀ ನಗರದಲ್ಲಿ ಒಂದೂ ದೊಡ್ಡ ಚೈನ್ ಸೂಪರ್‌ಮಾರ್ಕೆಟ್ ಉಳೀಲಿಲ್ಲ. 2013ರಲ್ಲಿ ಹೋಲ್ ಫುಡ್ಸ್ ಮತ್ತು ಮೈಯರ್ ಬರೋವರೆಗೂ ಅದೇ ಸ್ಥಿತಿ. ಸ್ವಂತ ಮಾಲೀಕರು ನಡೆಸೋ ಅಂಗಡಿಗಳು ಇದ್ದವು, ಇಲ್ಲ ಅಂತಲ್ಲ. ಆದ್ರೆ ಎಷ್ಟೋ ಏರಿಯಾಗಳಲ್ಲಿ ಹತ್ತಿರದಲ್ಲಿ ಸಿಗ್ತಿದ್ದದ್ದು ಚಿಪ್ಸ್, ಸೋಡಾ, ಬಿಯರು. ಒಳ್ಳೇ ಸೊಪ್ಪು ಬೇಕು ಅಂದ್ರೆ ಕಾರು ಬೇಕು. ಕಾರಿನ ಊರಲ್ಲಿ ಕಾರಿಲ್ಲದವರೂ ಬೇಕಾದಷ್ಟು ಜನ ಇರ್ತಾರೆ.

ಇಂಥ ಜಾಗಕ್ಕೆ ಇಂಗ್ಲಿಷಲ್ಲಿ ಫುಡ್ ಡೆಸರ್ಟ್ ಅಂತಾರೆ, ಅಂದ್ರೆ ಆಹಾರದ ಮರುಭೂಮಿ. ಈ ಮಾತನ್ನ ಅಲ್ಲಿನ ಹಲವು ಕಾರ್ಯಕರ್ತರು ಒಪ್ಪಲ್ಲ. ಮರುಭೂಮಿ ಪ್ರಕೃತಿ ಮಾಡಿದ್ದು, ಇಲ್ಲಿ ಅಂಗಡಿ ಇಲ್ಲದಿರೋದು ಮನುಷ್ಯರು ಕೂತು ತೀರ್ಮಾನ ಮಾಡಿದ್ದು ಅನ್ನೋದು ಅವರ ವಾದ.

2006ರಲ್ಲಿ ಡೆಟ್ರಾಯಿಟ್‌ನಲ್ಲಿ ಒಂದು ಸಂಘಟನೆ ಹುಟ್ಟಿತು: ಡೆಟ್ರಾಯಿಟ್ ಬ್ಲ್ಯಾಕ್ ಕಮ್ಯುನಿಟಿ ಫುಡ್ ಸೆಕ್ಯುರಿಟಿ ನೆಟ್‌ವರ್ಕ್. ಆಮೇಲೆ ಹೆಸರಲ್ಲಿದ್ದ ಸೆಕ್ಯುರಿಟಿ ತೆಗೆದು ಸಾವರಿಂಟಿ ಅಂತ ಹಾಕ್ಕೊಂಡರು. ಒಂದೇ ಪದ ಬದಲಾಗಿದ್ದು, ಆದ್ರೆ ಅರ್ಥದಲ್ಲಿ ದೊಡ್ಡ ವ್ಯತ್ಯಾಸ. ಆಹಾರ ಭದ್ರತೆ ಅಂದ್ರೆ ಯಾರೋ ಒಬ್ಬರು ನಿಮ್ಮ ತಟ್ಟೆಗೆ ಊಟ ಬಡಿಸಿದ್ರೂ ಆಯ್ತು. ಆಹಾರ ಸಾರ್ವಭೌಮತೆ ಅಂದ್ರೆ ಏನು ಬೆಳೀಬೇಕು, ಏನು ಮಾರಬೇಕು, ಲಾಭ ಎಲ್ಲಿ ಹೋಗಬೇಕು ಅಂತ ತೀರ್ಮಾನ ಮಾಡೋರೂ ನೀವೇ ಆಗಿರಬೇಕು.

ಈ ಸಂಘಟನೆ ಕಟ್ಟಿದವರಲ್ಲಿ ಮುಖ್ಯ ಹೆಸರು ಮಲಿಕ್ ಯಾಕಿನಿ. ಶಾಲೆಯ ಪ್ರಿನ್ಸಿಪಾಲ್ ಆಗಿದ್ದವರು. ಇವರು ಮೊದಲ ದಿನವೇ ಅಂಗಡಿಗೆ ಕೈ ಹಾಕಲಿಲ್ಲ, ಅದನ್ನ ಗಮನಿಸಿ. ರೂಜ್ ಪಾರ್ಕ್ ಅನ್ನೋ ಸಾರ್ವಜನಿಕ ಉದ್ಯಾನದಲ್ಲಿ ಡಿ-ಟೌನ್ ಫಾರ್ಮ್ ಅಂತ ತೋಟ ಮಾಡಿದರು, ಅದು 7 ಎಕರೆಗೆ ಬೆಳೀತು. ಜೊತೆಗೆ ಉಜಾಮಾ ಅನ್ನೋ ಹೆಸರಲ್ಲಿ ಒಂದು ಬೈಯಿಂಗ್ ಕ್ಲಬ್ ನಡೆಸಿದರು. ಅಂದ್ರೆ ಹತ್ತಾರು ಮನೆಯವರು ಆರ್ಡರ್ ಒಟ್ಟು ಮಾಡಿ, ಹೋಲ್‌ಸೇಲ್‌ನಲ್ಲಿ ತರಿಸಿ, ಹಂಚಿಕೊಳ್ಳೋದು. ಉಜಾಮಾ ಸ್ವಾಹಿಲಿ ಪದ, ಒಂದೇ ಕುಟುಂಬದವರ ಹಾಗೆ ಕೂಡಿ ಬಾಳೋದು ಅಂತ ಅರ್ಥ. ತೋಟದಿಂದ ಕೂಡು ಖರೀದಿಗೆ, ಅಲ್ಲಿಂದ ಅಂಗಡಿಗೆ. ದಾರಿ ಹೀಗೆ ಹೋಯ್ತು.

ಐದು ಮಾರ್ಕಿನ ಪ್ರಶ್ನೆ

ಮುಂದಕ್ಕೆ ಹೋಗೋ ಮೊದಲು ಕೋ-ಆಪ್ ಅಂದ್ರೆ ಏನು ಅಂತ ಎರಡು ಮಾತಲ್ಲಿ ಹೇಳ್ಬಿಡ್ತೀನಿ. ಬಿ.ಕಾಂ. ಓದಿದವರಿಗೆ ನೆನಪಿರುತ್ತೆ, ಸಹಕಾರ ಸಂಘದ ಲಕ್ಷಣಗಳನ್ನು ಬರೆಯಿರಿ, ಐದು ಮಾರ್ಕು. ನಾನೂ ಬರೆದು ಪಾಸಾಗಿದ್ದೀನಿ. ಪರೀಕ್ಷೆ ಮುಗಿದ ಮೇಲೆ ಅದರ ಬಗ್ಗೆ ಯೋಚನೆ ಮಾಡೋ ಸಂದರ್ಭ ಬಂದಿರಲಿಲ್ಲ ಅಷ್ಟೇ.

ಪಾಠದಲ್ಲಿ ಬರೋ ಕಥೆ ಇಂಗ್ಲೆಂಡಿನ ರಾಚ್‌ಡೇಲ್ ಊರಿನದು. 1844ರ ಡಿಸೆಂಬರ್‌ನಲ್ಲಿ 28 ಜನ ಸೇರಿ ಟೋಡ್ ಲೇನ್ ಅನ್ನೋ ಬೀದಿಯಲ್ಲಿ ಒಂದು ಅಂಗಡಿ ತೆಗೆದರು. ಬಂಡವಾಳ 28 ಪೌಂಡು. ಇಟ್ಟ ಸಾಮಾನು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದ ಬತ್ತಿ. ಅವತ್ತಿನ ಅಂಗಡಿಗಳಲ್ಲಿ ಕಲಬೆರಕೆ, ತೂಕದಲ್ಲಿ ಮೋಸ ಮಾಮೂಲಿ. ಇವರು ಮಾಡ್ಕೊಂಡ ನಿಯಮ ಸರಳ. ಸರಿಯಾದ ತೂಕ, ಶುದ್ಧ ಸಾಮಾನು, ಸಾಲ ಇಲ್ಲ. ಯಾರು ಎಷ್ಟೇ ದುಡ್ಡು ಹಾಕಿದ್ರೂ ಒಬ್ಬರಿಗೆ ಒಂದೇ ಓಟು. ವರ್ಷದ ಕೊನೆಗೆ ಲಾಭ ಬಂದ್ರೆ ಯಾರು ಎಷ್ಟು ಖರೀದಿ ಮಾಡಿದ್ರೋ ಅದರ ಪ್ರಮಾಣದಲ್ಲಿ ಹಂಚಿಕೆ.

ಕೊನೇ ನಿಯಮ ಇನ್ನೊಂದು ಸಲ ಕೇಳಿಸ್ಕೊಳ್ಳಿ. ಕಂಪನಿಯಲ್ಲಿ ಲಾಭ ಹೋಗೋದು ಎಷ್ಟು ಶೇರು ಇದೆ ಅನ್ನೋದರ ಮೇಲೆ. ಇಲ್ಲಿ ಹೋಗೋದು ಎಷ್ಟು ಸಕ್ಕರೆ ಕೊಂಡ್ರಿ ಅನ್ನೋದರ ಮೇಲೆ. ಅಂದ್ರೆ ಈ ಅಂಗಡಿಗೆ ಮಾಲೀಕ ಆಗೋದು ಅಂದ್ರೆ ಅಲ್ಲಿ ಸಾಮಾನು ಕೊಳ್ಳೋದು. ಇವತ್ತಿನ ಇಡೀ ಎಪಿಸೋಡ್ ಈ ಒಂದು ಮಾತಿನ ಮೇಲೆ ನಿಂತಿದೆ.

200 ಡಾಲರ್ ಎಲ್ಲಿ, 2.2 ಕೋಟಿ ಡಾಲರ್ ಎಲ್ಲಿ?

ಈಗ ಡೆಟ್ರಾಯಿಟ್‌ನ ಲೆಕ್ಕ. ಅಲ್ಲಿ ಸದಸ್ಯತ್ವದ ಶೇರು 200 ಡಾಲರ್. ಒಮ್ಮೆ ಕಟ್ಟಿದ್ರೆ ಆಯ್ತು, ಪ್ರತಿ ವರ್ಷ ಕಟ್ಟಬೇಕಾಗಿಲ್ಲ. ಒಟ್ಟಿಗೆ ಕೊಡೋಕಾಗದವರು ಕಂತಲ್ಲಿ ಕಟ್ಟಬಹುದು. 2,000 ಜನ ಅಂತ ಇಟ್ಕೊಳ್ಳಿ, 200ರಿಂದ ಗುಣಿಸಿ. 4 ಲಕ್ಷ ಡಾಲರ್.

ಅಂಗಡಿ ಇರೋ ಕಟ್ಟಡದ ಹೆಸರು ಡೆಟ್ರಾಯಿಟ್ ಫುಡ್ ಕಾಮನ್ಸ್. ಎರಡು ಮಹಡಿ. ಕೆಳಗೆ ಕೋ-ಆಪ್. ಮೇಲೆ ಸಣ್ಣ ಆಹಾರ ಉದ್ಯಮಿಗಳು ಬಾಡಿಗೆಗೆ ಬಳಸೋ ನಾಲ್ಕು ಅಡುಗೆಮನೆಗಳು, ಸಭೆ ಸಮಾರಂಭಕ್ಕೆ ಒಂದು ಹಾಲ್. ಇಡೀ ಕಟ್ಟಡದ ಯೋಜನೆಗೆ ಆದ ಖರ್ಚು ಸುಮಾರು 2.2 ಕೋಟಿ ಡಾಲರ್. ಸದಸ್ಯರ ಶೇರಿನ ದುಡ್ಡು ಅದರಲ್ಲಿ 100ಕ್ಕೆ 2 ಕೂಡ ಆಗಲ್ಲ. ಉಳಿದಿದ್ದೆಲ್ಲ ಸಾಲ, ಅನುದಾನ, ಬೇರೆ ಬೇರೆ ಮೂಲದ ಹಣ.

ಇಲ್ಲಿ ಬುದ್ಧಿವಂತ ಅಕೌಂಟೆಂಟ್ ಒಬ್ಬ ಕೇಳ್ತಾನೆ: 100ಕ್ಕೆ 2 ರೂಪಾಯಿಗೋಸ್ಕರ 2,000 ಮನೆ ಬಾಗಿಲು ಯಾಕೆ ತಟ್ಟಬೇಕು? ಇನ್ನೊಂದು ಅನುದಾನಕ್ಕೆ ಅರ್ಜಿ ಹಾಕಿ, ಬೇಗ ಬಾಗಿಲು ತೆಗೀಬಹುದಿತ್ತಲ್ಲ?

ಉತ್ತರ ಇಲ್ಲಿದೆ. ದಿನಸಿ ವ್ಯಾಪಾರದಲ್ಲಿ ಲಾಭ ತುಂಬಾ ತೆಳ್ಳಗೆ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ 100 ಡಾಲರ್ ಮಾರಾಟಕ್ಕೆ ಕೊನೆಗೆ ಕೈಯಲ್ಲಿ ಉಳಿಯೋದು ಸಾಮಾನ್ಯವಾಗಿ 1ರಿಂದ 3 ಡಾಲರ್. ಇಂಥ ವ್ಯಾಪಾರದಲ್ಲಿ ಉಳಿಯೋ ದಾರಿ ಒಂದೇ, ಅದೇ ಗಿರಾಕಿ ಪ್ರತಿ ವಾರ ವಾಪಸ್ ಬರಬೇಕು. ಶೇರು ಕಟ್ಟೋದು ಅದರ ಮೊದಲ ಪರೀಕ್ಷೆ. ಕಟ್ಟಡವೇ ಇಲ್ಲದಿರುವಾಗ, ಕಾಗದದ ಮೇಲಿನ ಅಂಗಡಿಗೆ ಒಬ್ಬ ಮನುಷ್ಯ 200 ಡಾಲರ್ ಕೊಡ್ತಾನೆ ಅಂದ್ರೆ ಅವನಿಗೆ ಇದು ನಿಜವಾಗ್ಲೂ ಬೇಕು ಅಂತ. ಸಾಲ ಕೊಡೋರೂ ಅದನ್ನೇ ನೋಡ್ತಾರೆ. ನಿಮ್ಮ ಭಾಷಣ ಎಷ್ಟು ಚೆನ್ನಾಗಿದೆ ಅಂತ ಯಾವ ಬ್ಯಾಂಕೂ ಕೇಳಲ್ಲ. ಎಷ್ಟು ಜನ ದುಡ್ಡು ಕಟ್ಟಿದ್ದಾರೆ ಅಂತ ಕೇಳುತ್ತೆ.

ಹೊಸ ಫುಡ್ ಕೋ-ಆಪ್ ಕಟ್ಟೋರಿಗೆ ಅಮೆರಿಕದಲ್ಲಿ ಒಂದು ನಕ್ಷೆ ಚಾಲ್ತಿಯಲ್ಲಿದೆ. ನಾಲ್ಕು ಮೂಲೆಗಲ್ಲು, ಮೂರು ಹಂತ. ಮೂಲೆಗಲ್ಲುಗಳು: ಕನಸು, ಜನ, ಬಂಡವಾಳ, ವ್ಯವಸ್ಥೆ. ಹಂತಗಳು: ಮೊದಲು ಸಂಘಟನೆ, ಆಮೇಲೆ ಇದು ಆಗುತ್ತಾ ಇಲ್ವಾ ಅನ್ನೋ ಅಧ್ಯಯನ ಮತ್ತು ಯೋಜನೆ, ಕೊನೆಗೆ ಕಟ್ಟೋದು. ಅಧ್ಯಯನದ ಹಂತದಲ್ಲಿ ಮಾರುಕಟ್ಟೆ ಸಮೀಕ್ಷೆ ಮಾಡಿಸ್ತಾರೆ, ಜಾಗ ನೋಡ್ತಾರೆ, ಐದು ಹತ್ತು ವರ್ಷದ ಲೆಕ್ಕ ಹಾಕ್ತಾರೆ. ಬಾಗಿಲು ತೆಗೆಯೋಕೆ ತಿಂಗಳುಗಳ ಮೊದಲೇ ಅನುಭವ ಇರೋ ಜನರಲ್ ಮ್ಯಾನೇಜರ್ ಬೇಕು. ಒಬ್ಬ ಹೋಲ್‌ಸೇಲ್ ಸರಬರಾಜುದಾರ ಒಪ್ಪಬೇಕು, ಅವನು ಇಷ್ಟು ಮೊತ್ತದ ಆರ್ಡರ್ ಇಲ್ಲದೆ ಲಾರಿ ಕಳಿಸಲ್ಲ ಅಂತಾನೆ. ಒಂದು ಹಂತದ ಲೆಕ್ಕ ಕೂಡಿಬರದಿದ್ರೆ ಮುಂದಕ್ಕೆ ಹೋಗಬಾರದು.

ಡೆಟ್ರಾಯಿಟ್‌ನಲ್ಲಿ ಕಟ್ಟಡಕ್ಕೆ ಗುದ್ದಲಿ ಬಿದ್ದಿದ್ದು 2022ರಲ್ಲಿ. ಅಂದ್ರೆ ಗಾರೆ ಕೆಲಸಕ್ಕೆ ಹಿಡಿದಿದ್ದು ಎರಡು ವರ್ಷ. ಅದಕ್ಕೆ ಮೊದಲಿನ ವರ್ಷಗಳೆಲ್ಲ ಹೋಗಿದ್ದು ಜನರನ್ನ ಸೇರಿಸೋಕೆ, ದುಡ್ಡು ಹೊಂದಿಸೋಕೆ.

ಗ್ರೀನ್ಸ್‌ಬೊರೊದ ಪಾಠ

ಈಗ ಕಷ್ಟದ ಭಾಗ. ಇಷ್ಟೆಲ್ಲ ಮಾಡಿದ್ರೂ ಸೋಲಬಹುದು.

ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಗ್ರೀನ್ಸ್‌ಬೊರೊ ಅಂತ ಒಂದು ನಗರ. ಅದರ ಈಶಾನ್ಯ ಭಾಗದಲ್ಲಿ ಹೆಚ್ಚಾಗಿ ಕಪ್ಪು ವರ್ಣೀಯರು ಇರೋ ಬಡಾವಣೆಗಳು. 1998ರಲ್ಲಿ ಅಲ್ಲಿದ್ದ ವಿನ್-ಡಿಕ್ಸಿ ಸೂಪರ್‌ಮಾರ್ಕೆಟ್ ಮುಚ್ಚಿತು. ಬೇರೆ ಕಂಪನಿಗಳನ್ನ ಕರೆದರು, ಯಾರೂ ಬರಲಿಲ್ಲ. ಅಲ್ಲಿನ ಜನ ಹೋರಾಟ ಗೊತ್ತಿಲ್ಲದವರಲ್ಲ. ತಮ್ಮ ಪಕ್ಕದ ಕಸದ ಗುಂಡಿಯನ್ನ ಮತ್ತೆ ತೆರೆಯೋ ನಗರಾಡಳಿತದ ಪ್ರಯತ್ನವನ್ನ ತಡೆದು ನಿಲ್ಲಿಸಿದ್ದವರು. ನಮ್ಮ ಮಂಡೂರು, ಮಾವಳ್ಳಿಪುರದವರು ಕೇಳ್ತಿದ್ರೆ ಅದು ಎಂಥ ಕೆಲಸ ಅಂತ ನಾನು ಹೇಳಬೇಕಾಗಿಲ್ಲ. ಆ ಗೆಲುವಿನ ಬಲದಲ್ಲೇ ಅಂಗಡಿಯ ಮಾತು ಶುರುವಾಯ್ತು. ಹೊರಗಿನವರು ಬರಲ್ಲ ಅಂದ್ರೆ ನಾವೇ ತೆಗೆಯೋಣ ಅಂದರು.

2016ರಲ್ಲಿ ರಿನೇಸಾನ್ಸ್ ಕಮ್ಯುನಿಟಿ ಕೋ-ಆಪ್ ಬಾಗಿಲು ತೆಗೀತು. ಸದಸ್ಯತ್ವ 100 ಡಾಲರ್. ಸುಮಾರು 1,300 ಸದಸ್ಯರಾದರು. ಹೊಂದಿಸಿದ ಬಂಡವಾಳ ಸುಮಾರು 25 ಲಕ್ಷ ಡಾಲರ್. 18 ವರ್ಷ ಅಂಗಡಿ ಇಲ್ಲದ ಜಾಗಕ್ಕೆ ಅಂಗಡಿ ಬಂತು.

2019ರ ಜನವರಿಯಲ್ಲಿ ಅದು ಮುಚ್ಚಿತು.

ದುಡ್ಡು ಹೊಡೆದು ಯಾರೂ ಓಡಿಹೋಗಲಿಲ್ಲ. ಜಗಳ ಆಡಿ ಒಡೆದುಹೋಗಲಿಲ್ಲ. ಮಾರಾಟ ಅಂದುಕೊಂಡ ಮಟ್ಟ ಮುಟ್ಟಲಿಲ್ಲ, ಅಷ್ಟೇ. ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ನಷ್ಟ. ಆ ನಷ್ಟ ತಡ್ಕೊಳ್ಳೋಕೆ ಇಟ್ಟಿದ್ದ ಹಣ ಖಾಲಿಯಾಯ್ತು.

ಹೋರಾಡಿ ತಂದ ಅಂಗಡಿಗೆ ಆ ಜನವೇ ಯಾಕೆ ಸಾಕಷ್ಟು ಹೋಗಲಿಲ್ಲ? ನನಗೆ ಅನ್ನಿಸೋದು ಹೇಳ್ತೀನಿ. 18 ವರ್ಷ ಅಂದ್ರೆ ಒಂದು ಮಗು ಹುಟ್ಟಿ ಓಟು ಹಾಕೋ ವಯಸ್ಸು. ಅಷ್ಟೂ ದಿನ ಆ ಮನೆಗಳು ಊಟ ಬಿಟ್ಟು ಕೂತಿರಲಿಲ್ಲ. ಆಫೀಸಿಂದ ಬರೋವಾಗ ಎಲ್ಲೋ, ರಜೆ ದಿನ ಯಾವುದೋ ದೊಡ್ಡ ಮಾಲ್‌ನಲ್ಲೋ ಸಾಮಾನು ತರೋ ಅಭ್ಯಾಸ ಆಗಿತ್ತು. ಹೊಸ ಅಂಗಡಿ ಅಂದ್ರೆ ಪ್ರೀತಿ ಇದೆ, ಹೆಮ್ಮೆ ಇದೆ, ಶೇರು ಸರ್ಟಿಫಿಕೇಟ್ ಬೀರುವಲ್ಲಿದೆ. ಆದ್ರೆ ತಿಂಗಳ ದಿನಸಿ ಹಳೇ ಕಡೆಯಿಂದಲೇ ಬರ್ತಿದೆ. ಒಂದು ಸಣ್ಣ ಅಂಗಡಿ ವಾಲ್‌ಮಾರ್ಟ್‌ನಷ್ಟು ಕಡಿಮೆ ರೇಟಿಗೆ ಕೊಡೋಕೂ ಆಗಲ್ಲ, ಯಾಕಂದ್ರೆ ಹೋಲ್‌ಸೇಲ್‌ನವನು ಇಬ್ಬರಿಗೂ ಒಂದೇ ರೇಟು ಹಾಕಲ್ಲ. ತಿಂಗಳ ಕೊನೆಗೆ ಕೈ ಬಿಗಿಯಾದಾಗ ಸಿದ್ಧಾಂತಕ್ಕಿಂತ ಹಾಲಿನ ರೇಟು ದೊಡ್ಡದಾಗಿ ಕಾಣುತ್ತೆ. ಇದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ.

ಡೆಟ್ರಾಯಿಟ್‌ನವರ ಮುಂದೆಯೂ ಇರೋದು ಇದೇ ಪರೀಕ್ಷೆ. ರಿಬ್ಬನ್ ಕತ್ತರಿಸಿದ ದಿನ ಅದು ಮುಗಿಯಲ್ಲ. ಪ್ರತಿ ಶನಿವಾರ ಹೊಸದಾಗಿ ಶುರುವಾಗುತ್ತೆ.

ನಮ್ಮಲ್ಲಿ ಯಾರ ಸಹಕಾರ?

ಈಗ ನಮ್ಮ ಕಡೆಗೆ ಬರೋಣ. ಗದಗ ಜಿಲ್ಲೆಯಲ್ಲಿ ಕಣಗಿನಹಾಳ ಅಂತ ಒಂದು ಊರಿದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಸಹಕಾರ ಸಂಘ ಅಂತ ಗುರುತಿಸೋದು ಇದನ್ನೇ. ಸಾಹುಕಾರರ ಬಡ್ಡಿಯಿಂದ ರೈತರನ್ನ ಬಿಡಿಸೋದು ಉದ್ದೇಶ. ಡೆಟ್ರಾಯಿಟ್‌ನಲ್ಲಿ ಇಲ್ಲದಿದ್ದದ್ದು ಅಂಗಡಿ, ಕಣಗಿನಹಾಳದಲ್ಲಿ ಇಲ್ಲದಿದ್ದದ್ದು ನ್ಯಾಯವಾದ ಸಾಲ. ಎರಡೂ ಕಡೆ ಶುರುವಾಗಿದ್ದು ಒಂದು ಕೊರತೆಯಿಂದ.

ಇವತ್ತು ನೋಡಿ. ಬೆಳಗ್ಗೆ ಮನೆಗೆ ಬರೋ ನಂದಿನಿ ಹಾಲು ಸಹಕಾರ. ಹಾಪ್‌ಕಾಮ್ಸ್ ಮಳಿಗೆಯ ಬಾಳೆಹಣ್ಣು ಸಹಕಾರ. ಮಂಗಳೂರಿನ ಕ್ಯಾಂಪ್ಕೊ ಚಾಕೊಲೇಟ್ ಸಹಕಾರ. ಶಿರಸಿಯ ಟಿ.ಎಸ್.ಎಸ್. ಅಡಿಕೆ ಬೆಳೆಗಾರರ ಸಹಕಾರ, ಸೂಪರ್‌ಮಾರ್ಕೆಟ್ ಕೂಡ ನಡೆಸುತ್ತೆ. ಒಂದು ವಿಷಯ ಗಮನಿಸಿದ್ರಾ? ಇವೆಲ್ಲದರ ಮಾಲೀಕರು ಬೆಳೆಯೋರು, ಹಾಲು ಹಾಕೋರು. ಡೆಟ್ರಾಯಿಟ್‌ನದು ಹಾಗಲ್ಲ, ಅಲ್ಲಿ ಮಾಲೀಕರು ತಿನ್ನೋರು. ನಮ್ಮಲ್ಲೂ ಗ್ರಾಹಕರ ಸಹಕಾರ ಇಲ್ಲ ಅಂತಲ್ಲ. ಜನತಾ ಬಜಾರ್ ಇದೆ, ಎಷ್ಟೋ ಊರಲ್ಲಿ, ಕಾಲೇಜಲ್ಲಿ, ಆಫೀಸಲ್ಲಿ ಗ್ರಾಹಕರ ಸೊಸೈಟಿಗಳಿವೆ. ಆದ್ರೆ ಅಲ್ಲಿ ಸಾಮಾನು ತರೋ ನಿಮ್ಮ ಮನೆಯವರನ್ನ ಕೇಳಿ ನೋಡಿ, ಇದರ ಮಾಲೀಕರು ಯಾರು ಅಂತ. ಸರ್ಕಾರದ್ದು ಅಂತಾರೆ. ನಮ್ಮದು ಅನ್ನೋರು ಎಷ್ಟು ಜನ ಇರಬಹುದು?

ಹಾಲಿನ ಸೊಸೈಟಿ ಇಷ್ಟು ಗಟ್ಟಿಯಾಗಿ ನಿಂತಿರೋದಕ್ಕೆ ಕಾರಣ ಹುಡುಕೋಕೆ ದೂರ ಹೋಗಬೇಕಾಗಿಲ್ಲ. ರೈತರ ಮನೆಯವರು ಬೆಳಗ್ಗೆ ಸಂಜೆ ಡೈರಿಗೆ ಹೋಗಿ ಹಾಲು ಹಾಕ್ತಾರೆ. ದಿನಕ್ಕೆ ಎರಡು ಸಲ. ಸದಸ್ಯತ್ವ ಅನ್ನೋದು ಅವರಿಗೆ ಬೀರುವಲ್ಲಿರೋ ಕಾಗದ ಅಲ್ಲ, ದಿನಚರಿ. ತಿನ್ನೋರ ಅಂಗಡಿ ನಿಲ್ಲಬೇಕಾದ್ರೆ ಅದೂ ಹಾಗೇ ದಿನಚರಿ ಆಗಬೇಕು.

400 ಮನೆಯ ಲೆಕ್ಕ

ಹಿಂದಿನ ಎಪಿಸೋಡ್ ಆದ ಮೇಲೆ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಅವರ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಲ್ಲಿ ರೈತರಿಂದ ನೇರ ಅಕ್ಕಿ, ಬೇಳೆ, ತರಕಾರಿ ತರಿಸ್ತಾರಂತೆ. ಚೆನ್ನಾಗಿ ನಡೀತಿದೆ, ಈಗ ಎಲ್ಲರೂ ಸೇರಿ ಅಂಗಡಿನೇ ಹಾಕೋಣ ಅಂತಿದ್ದಾರೆ, ಏನಂತೀರಾ ಬ್ರದರ್ ಅಂತ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಅಂಕಿಗಳು ಲೆಕ್ಕ ಅರ್ಥ ಆಗ್ಲಿ ಅಂತ ನಾನು ಹಾಕಿರೋದು, ನಿಮ್ಮೂರಿನ ಅಂಕಿ ನೀವು ಹಾಕ್ಕೊಳ್ಳಿ.

400 ಮನೆ, ಮನೆಗೆ 2,000 ರೂಪಾಯಿ ಶೇರು. 8 ಲಕ್ಷ ಆಯ್ತು. ರ್‍ಯಾಕು, ಫ್ರಿಜ್ಜು, ತೂಕದ ಮಷೀನು, ಬಿಲ್ಲಿಂಗ್ ಕಂಪ್ಯೂಟರಿಗೆ 3 ಲಕ್ಷ. ಮೊದಲ ಸ್ಟಾಕಿಗೆ 5 ಲಕ್ಷ. ಪೂಜೆ ಮಾಡಿ ತೆಂಗಿನಕಾಯಿ ಒಡೆಯೋ ದಿನವೇ 8 ಲಕ್ಷ ಖಾಲಿ.

ಈಗ ತಿಂಗಳ ಖರ್ಚು. ಬಾಡಿಗೆ 35,000. ಮೂರು ಜನಕ್ಕೆ ಸಂಬಳ 54,000. ಕರೆಂಟು 11,000. ಸಾಗಣೆ, ಪ್ಯಾಕಿಂಗ್, ಲೆಕ್ಕಪತ್ರ ಇತ್ಯಾದಿ 20,000. ಒಟ್ಟು 1,20,000. ಕೊಂಡ ರೇಟಿಗೂ ಮಾರೋ ರೇಟಿಗೂ 100ಕ್ಕೆ 12 ರೂಪಾಯಿ ಸಿಗುತ್ತೆ ಅಂತ ಇಟ್ಕೊಳ್ಳಿ. ಹಾಗಾದ್ರೆ ಖರ್ಚು ಸರಿದೂಗೋಕೆ ತಿಂಗಳಿಗೆ 10 ಲಕ್ಷ ಮಾರಾಟ ಆಗಬೇಕು. ಇದನ್ನೇ ಬ್ರೇಕ್ ಈವನ್ ಅನ್ನೋದು.

400 ಮನೆಯೂ ಬಂದ್ರೆ ಮನೆಗೆ ತಿಂಗಳಿಗೆ 2,500 ರೂಪಾಯಿ. ಆಗಬಹುದು ಅನ್ಸುತ್ತೆ. ಶೇರು ಕಟ್ಟಿದವರಲ್ಲಿ 100 ಮನೆ ಮಾತ್ರ ಬಂದ್ರೆ? ಮನೆಗೆ 10,000. ಅಷ್ಟು ದಿನಸಿ ಒಂದೇ ಕಡೆ ಎಷ್ಟು ಮನೆಯವರು ಕೊಳ್ತಾರೆ? ಇನ್ನೊಂದು ನೋಡಿ. ಮೊದಲ ಆರು ತಿಂಗಳು ಅರ್ಧ ಮಾರಾಟ ಮಾತ್ರ ಆಯ್ತು, 5 ಲಕ್ಷ. ಕೈಗೆ ಬರೋದು 60,000, ಖರ್ಚು 1,20,000. ತಿಂಗಳಿಗೆ 60,000 ನಷ್ಟ, ಆರು ತಿಂಗಳಿಗೆ 3,60,000. ಆ ಹಣ ಮೊದಲೇ ಎತ್ತಿಟ್ಟಿಲ್ಲ ಅಂದ್ರೆ, ಜನಕ್ಕೆ ಅಂಗಡಿ ಅಭ್ಯಾಸ ಆಗೋ ಮೊದಲೇ ರ್‍ಯಾಕು ಖಾಲಿ ಹೊಡೆಯೋಕೆ ಶುರು. ಖಾಲಿ ರ್‍ಯಾಕು ನೋಡಿದವರು ಮತ್ತೆ ಬರಲ್ಲ. ಗ್ರೀನ್ಸ್‌ಬೊರೊ ನೆನಪಿಸ್ಕೊಳ್ಳಿ.

ಇನ್ನೂ ಒಂದು ಪ್ರಶ್ನೆ ಇದೆ, ಅದನ್ನ ಕೇಳದೆ ಇರೋಕಾಗಲ್ಲ. ಡೆಟ್ರಾಯಿಟ್‌ನ ಎಷ್ಟೋ ಬೀದಿಗಳಲ್ಲಿ ಅಂಗಡಿ ಇರಲಿಲ್ಲ. ನಿಮ್ಮ ಬೀದಿಯಲ್ಲಿ ಈಗಾಗಲೇ ಮೂರು ದಿನಸಿ ಅಂಗಡಿ ಇರಬಹುದು. ಅವರು ಉದ್ರಿ ಕೊಡ್ತಾರೆ, ಅರ್ಧ ಕೆ.ಜಿ. ಸಕ್ಕರೆ ಮನೆಗೆ ಕಳಿಸ್ತಾರೆ, ನಿಮ್ಮ ಅಜ್ಜಿಯ ಹೆಸರು ಗೊತ್ತಿದೆ. ಇನ್ನೊಂದು ಕಡೆ ಹತ್ತು ನಿಮಿಷಕ್ಕೆ ತಂದುಕೊಡೋ ಆ್ಯಪ್. ಇವರಿಬ್ಬರ ನಡುವೆ ನಿಮ್ಮ ಅಂಗಡಿ ಯಾವ ಕೊರತೆ ತುಂಬುತ್ತೆ? ವಿಷ ಹಾಕದ ತರಕಾರಿನಾ? ರೈತರಿಗೆ ಸರಿಯಾದ ಬೆಲೆನಾ? ಬಸ್ಸೇ ಬರದ ಹಳ್ಳಿಗೆ ನ್ಯಾಯವಾದ ರೇಟಲ್ಲಿ ದಿನಸಿನಾ? ಉತ್ತರ ಒಂದು ವಾಕ್ಯದಲ್ಲಿ ಬರಬೇಕು. ಎಲ್ಲರೂ ಒಗ್ಗಟ್ಟಾಗಿರೋಣ ಅನ್ನೋದು ಒಳ್ಳೇ ಮಾತು, ಆದ್ರೆ ಅದನ್ನ ಕೇಳಿ ಯಾರೂ ಬೇಳೆ ಕೊಳ್ಳೋಕೆ ಬರಲ್ಲ.

ಹಾಗಾದ್ರೆ ಏನು ಮಾಡೋದು?

ನನ್ನ ಕಡೆಯಿಂದ ಮೂರೇ ಮಾತು.

ಒಂದು, ಸರ್ವೆ ಮಾಡುವಾಗ ಅಂಗಡಿ ಹಾಕಿದ್ರೆ ಬರ್ತೀರಾ ಅಂತ ಕೇಳಬೇಡಿ. ಎಲ್ಲರೂ ಬರ್ತೀವಿ ಅಂತಾರೆ, ನಮ್ಮ ಜನಕ್ಕೆ ಮುಖದ ಮೇಲೆ ಇಲ್ಲ ಅನ್ನೋಕೆ ಬರಲ್ಲ. ಕಳೆದ ತಿಂಗಳು ಅಕ್ಕಿ, ಎಣ್ಣೆ, ಬೇಳೆ ಎಲ್ಲಿ ತಗೊಂಡ್ರಿ, ಎಷ್ಟು ಖರ್ಚಾಯ್ತು ಅಂತ ಕೇಳಿ. ಆಗಿಹೋದ ಖರ್ಚು ಸುಳ್ಳು ಹೇಳಲ್ಲ.

ಎರಡು, ಅಂಗಡಿಗೆ ಮೊದಲು ಕೂಡು ಖರೀದಿಯನ್ನೇ ಇನ್ನೊಂದು ವರ್ಷ ಗಟ್ಟಿಯಾಗಿ ನಡೆಸಿ. ಅದಕ್ಕೆ ಬಾಡಿಗೆ ಇಲ್ಲ, ಫ್ರಿಜ್ಜಿಲ್ಲ. ಯಾರ ಮನೆಯ ಕಾರ್ ಶೆಡ್ಡಾದ್ರೂ ಸಾಕು. ಯಾರು ಪ್ರತಿ ವಾರ ಬರ್ತಾರೆ, ಯಾರು ಹಬ್ಬಕ್ಕೆ ಮಾತ್ರ ಬರ್ತಾರೆ ಅಂತ ನಿಮ್ಮ ಪುಸ್ತಕದಲ್ಲೇ ಗೊತ್ತಾಗುತ್ತೆ. ಸಂಘ ನೋಂದಣಿ ಮಾಡಿಸೋದು 1959ರ ಸಹಕಾರ ಸಂಘಗಳ ಕಾಯ್ದೆಯಡಿನಾ, 1997ರ ಸೌಹಾರ್ದ ಕಾಯ್ದೆಯಡಿನಾ ಅನ್ನೋ ಚರ್ಚೆ ಆಮೇಲೆ ಮಾಡಬಹುದು. ಆಹಾರ ಮಾರೋಕೆ ಬೇಕಾದ ಎಫ್.ಎಸ್.ಎಸ್.ಎ.ಐ. ನೋಂದಣಿನೂ ಆಮೇಲೆ ಅಂತ ಮಾತ್ರ ತಿಳ್ಕೋಬೇಡಿ, ವ್ಯಾಪಾರ ಶುರುವಾಗೋ ಮೊದಲೇ ಅದನ್ನ ವಿಚಾರಿಸಿ.

ಮೂರು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಶುರುವಲ್ಲೇ ಬರೆದಿಡಿ. ಇಷ್ಟು ಮನೆ ಶೇರು ಕಟ್ಟದಿದ್ರೆ, ಕೂಡು ಖರೀದಿ ತಿಂಗಳಿಗೆ ಇಷ್ಟು ಮುಟ್ಟದಿದ್ರೆ, ನಾವು ಅಂಗಡಿ ತೆಗೆಯಲ್ಲ, ಶೇರಿನ ದುಡ್ಡು ವಾಪಸ್. ಉತ್ಸಾಹ ಏರಿದ ಮೇಲೆ ಈ ಸಂಖ್ಯೆ ಬರೆಯೋಕೆ ಹೋದ್ರೆ ಅದು ಪ್ರತಿ ಮೀಟಿಂಗಲ್ಲೂ ಸ್ವಲ್ಪ ಸ್ವಲ್ಪ ಕೆಳಗೆ ಇಳೀತಾ ಹೋಗುತ್ತೆ.

ಇಷ್ಟು ಕೇಳಿ ಹೆದರಿಸ್ತಾ ಇದ್ದೀನಿ ಅಂತ ಅನ್ಕೋಬೇಡಿ. ರಾಚ್‌ಡೇಲ್‌ನ 28 ಜನರ ಹತ್ರ ಇದ್ದದ್ದು 28 ಪೌಂಡು. ಡೆಟ್ರಾಯಿಟ್‌ನವರ ಹತ್ರ ಮೊದಲು ಇದ್ದದ್ದು ತೋಟ ಮತ್ತು ಹಂಚಿಕೊಳ್ಳೋಕೆ ಬರ್ತಿದ್ದ ಒಂದಿಷ್ಟು ಮನೆ. ಹತ್ತು ವರ್ಷ ತಗೊಂಡಿದ್ದಕ್ಕೆ ಅವರನ್ನ ನಿಧಾನ ಅನ್ನೋಕೆ ನನಗೆ ಮನಸ್ಸು ಬರಲ್ಲ. ಅಂಗಡಿ ಕಟ್ಟೋಕೆ ಎರಡು ವರ್ಷ ಸಾಕಾಯ್ತು, ಗಿರಾಕಿಗಳನ್ನ ಮಾಲೀಕರು ಮಾಡೋಕೆ ಉಳಿದ ವರ್ಷಗಳು ಬೇಕಾದವು.

ಕೊನೆಗೆ ಒಂದು ಸಣ್ಣ ಕೆಲಸ ಕೊಡ್ತೀನಿ. ನಿಮ್ಮ ಮನೆಯಲ್ಲಿ ಯಾರಾದ್ರೂ ಯಾವುದಾದ್ರೂ ಸಹಕಾರ ಸಂಘದ ಸದಸ್ಯರಾಗಿರ್ತಾರೆ. ಅಪ್ಪನ ಪತ್ತಿನ ಸಂಘ, ದೊಡ್ಡಮ್ಮನ ಹಾಲಿನ ಡೈರಿ, ಅತ್ತೆಯ ಮಹಿಳಾ ಸೊಸೈಟಿ. ಅದರ ವಾರ್ಷಿಕ ಮಹಾಸಭೆ ಯಾವಾಗ ಅಂತ ಕೇಳಿ, ಅವರ ವಾರ್ಷಿಕ ವರದಿ ಇಸ್ಕೊಂಡು ಲಾಭ-ನಷ್ಟದ ಪುಟ ತೆಗೆದು ನೋಡಿ. ಅರ್ಥ ಆಗದ ಸಾಲು ಇದ್ರೆ ಅದನ್ನ ಟೈಪ್ ಮಾಡಿ ನನಗೆ ಕಳಿಸಿ, ಹೆಸರು ತೆಗೆದು ಕಳಿಸಿದ್ರೂ ಸಾಕು. ಅಂಥ ನಾಲ್ಕೈದು ಸಾಲುಗಳನ್ನ ಇಟ್ಕೊಂಡೇ ಒಂದು ಎಪಿಸೋಡ್ ಮಾಡೋಣ.